ಸಂತೆಯಲ್ಲಿ ಕೊಟ್ಟ ಮಾತಿಗೂ ಲೆಕ್ಕವಿದೆ

ಮೇ ತಿಂಗಳಿನಲ್ಲಿ ಅಂಕೋಲೆಯ ಪೇಟೆಯನ್ನು ಹಾದುಹೋಗುವವರಿಗೆ ಮಾವಿನ ಬುಟ್ಟಿಗಳನ್ನಿಟ್ಟುಕೊಂಡು ರಸ್ತೆಬದಿಯಲ್ಲಿ ಕುಳಿತ ಮಹಿಳೆಯರು ಕಾಣಸಿಗುತ್ತಾರೆ. ಬುಟ್ಟಿಯಲ್ಲಿರುವುದು ಕರಿ ಇಶಾಡ್. ತೆಳುವಾದ ಸಿಪ್ಪೆ, ತುಂಬಿದ ತಿರುಳು. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣಿದು. ನಮ್ಮವರೊಬ್ಬರು ಕಾರು ನಿಲ್ಲಿಸಿ ವಿಚಾರಿಸುತ್ತಾರೆಂದು ಭಾವಿಸಿಕೊಳ್ಳಿ.

"ಅಮ್ಮಾ, ಡಜನ್‌ಗೆ ಎಷ್ಟು?"

"ನಾನೂರು."

"ಮುನ್ನೂರಕ್ಕೆ ಕೊಡಿ."

"ಆಗೂದಿಲ್ಲ ಸಾಹೇಬರೇ. ಬೇಕಾದರೆ ಮುನ್ನೂರೈವತ್ತು ಮಾಡಿ."

"ಆಯಿತು, ಕಟ್ಟಿ."

ಆಕೆ ಹಣ್ಣುಗಳನ್ನು ಎಣಿಸಿ ಚೀಲಕ್ಕೆ ಹಾಕತೊಡಗುತ್ತಾಳೆ. ಅಷ್ಟರಲ್ಲಿ ಇನ್ನೊಂದು ಕಾರು ಬಂದು ನಿಲ್ಲುತ್ತದೆ. ಅದರಲ್ಲಿದ್ದವರು ಚೌಕಾಸಿ ಮಾಡದೆ, "ಇದೇ ಹಣ್ಣಿಗೆ ನಾನೂರೈವತ್ತು ಕೊಡುತ್ತೇನೆ" ಎನ್ನುತ್ತಾರೆ. ಆಕೆಯ ಕೈ ಅಲ್ಲಿಗೇ ನಿಲ್ಲುತ್ತದೆ. ಈಗ ಇದೇ ಘಟನೆಯನ್ನು ತಿರುಗಿಸಿ ನೋಡಿ. ಆಕೆ ಹಣ್ಣು ಎಣಿಸುತ್ತಿರುವಾಗ ನಮ್ಮವರ ಫೋನು ರಿಂಗಣಿಸುತ್ತದೆ. ಮನೆಯಲ್ಲಿ ಆಗಲೇ ಹಣ್ಣು ತಂದಾಗಿದೆ ಎಂದು ಪತ್ನಿ ತಿಳಿಸುತ್ತಾರೆ. ಅವರು "ಬೇಡ ಅಮ್ಮಾ" ಎಂದು ಹೇಳಿ ಕಾರು ಏರುತ್ತಾರೆ.

ಮೊದಲನೆಯದನ್ನು ನಾವು ಮೋಸವೆನ್ನುತ್ತೇವೆ. ಎರಡನೆಯದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ, ಅದನ್ನು ಸಾಮಾನ್ಯ ವ್ಯವಹಾರವೆಂದು ಬಿಟ್ಟುಬಿಡುತ್ತೇವೆ. ಆದರೆ ಎರಡೂ ಕಡೆ ನಡೆದದ್ದು ಒಂದೇ: ಕುದುರಿದ ಮಾತನ್ನು ಒಬ್ಬರು ಹಿಂತೆಗೆದುಕೊಂಡರು. ನಮಾಝ್ ಮತ್ತು ಉಪವಾಸದ ಮಸ್‌ಅಲಗಳನ್ನು ಉಲಮಾಗಳಲ್ಲಿ ಶ್ರದ್ಧೆಯಿಂದ ವಿಚಾರಿಸುವ ನಾವು, ದಿನಕ್ಕೆ ಹತ್ತು ಬಾರಿ ಕೊಡುವ ಮತ್ತು ಮುರಿಯುವ ಈ ಮಾತಿನ ಮಸ್‌ಅಲವನ್ನು ಎಷ್ಟು ಸಲ ಕೇಳಿದ್ದೇವೆ?

ಈಜಾಬ್ ಮತ್ತು ಕಬೂಲ್

ಈಜಾಬ್ ಮತ್ತು ಕಬೂಲ್ ಎಂಬ ಪದಗಳು ನಮ್ಮ ಮನೆಗಳಲ್ಲಿ ಕೇಳಿಬರುವುದು ನಿಕಾಹ್‌ನ ದಿನ. ಒಂದು ಕಡೆಯಿಂದ ಪ್ರಸ್ತಾವ, ಇನ್ನೊಂದು ಕಡೆಯಿಂದ ಸ್ವೀಕಾರ. ಇಷ್ಟರಿಂದ ಎರಡು ಜೀವಗಳು ಒಂದಾಗುತ್ತವೆ. ಆದರೆ ಫಿಕ್‌ಹ್ ಗ್ರಂಥಗಳ ಮಾರಾಟದ ಅಧ್ಯಾಯಕ್ಕೂ ಇವೇ ಎರಡು ಪದಗಳು ಬುನಾದಿ. ಒಂದು ಡಜನ್ ಮಾವು ಕೊಳ್ಳುವಾಗಲೂ ಈಜಾಬ್ ಇದೆ, ಕಬೂಲ್ ಇದೆ. ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸಬಾರದು, ಪರಸ್ಪರ ಒಪ್ಪಿಗೆಯ ವ್ಯಾಪಾರದ ಮೂಲಕವೇ ಪಡೆಯಬೇಕು ಎಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 29ನೆಯ ವಚನವು ಆದೇಶಿಸುತ್ತದೆ. ಆ ಒಪ್ಪಿಗೆ ಹೃದಯದಲ್ಲಿರುವಂಥದ್ದು. ಹೃದಯವನ್ನು ಯಾರೂ ಬಗೆದು ನೋಡಲಾಗದು. ಆದುದರಿಂದ ಅದರ ಹೊರಗಿನ ಗುರುತಾಗಿ ಈಜಾಬ್ ಮತ್ತು ಕಬೂಲ್‌ಗಳನ್ನು ವಿದ್ವಾಂಸರು ನಿಗದಿಪಡಿಸಿದರು.

ದೇಶದ ಕಾನೂನೂ ಇದೇ ತಳಹದಿಯ ಮೇಲೆ ನಿಂತಿದೆ. ಭಾರತೀಯ ಕರಾರು ಕಾಯ್ದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಕಾರವಾರವು ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಂದಿನಿಂದ ಇಂದಿನವರೆಗೆ ಇಲ್ಲಿನ ಸಂತೆ, ಅಂಗಡಿ ಮತ್ತು ಬಂದರಿನ ವ್ಯವಹಾರಗಳೆಲ್ಲ ಅದರ ಅಡಿಯಲ್ಲೇ ನಡೆದಿವೆ. ಒಂದು ವಿಷಯವನ್ನು ನಾವು ಸ್ಪಷ್ಟವಾಗಿ ತಿಳಿದಿರಬೇಕು. 1937ರ ಶರೀಅತ್ ಕಾಯ್ದೆಯು ವಿವಾಹ, ತಲಾಕ್, ವಾರಸು ಹಕ್ಕು, ವಕ್ಫ್ ಮುಂತಾದ ವಿಷಯಗಳಿಗೆ ಅನ್ವಯಿಸುತ್ತದೆ, ಸಾಮಾನ್ಯ ಮಾರಾಟಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಮಾರಾಟದ ವ್ಯಾಜ್ಯವೊಂದು ನ್ಯಾಯಾಲಯದ ಮೆಟ್ಟಿಲೇರಿದರೆ ತೀರ್ಪು ಬರುವುದು ದೇಶದ ಕಾನೂನಿನ ಪ್ರಕಾರ. ಫಿಕ್‌ಹ್ ನಮ್ಮನ್ನು ಹಿಡಿದಿಡುವುದು ಪೊಲೀಸರಿಲ್ಲದ, ವಕೀಲರಿಲ್ಲದ, ಅಲ್ಲಾಹನು ಮಾತ್ರ ನೋಡುತ್ತಿರುವ ಜಾಗದಲ್ಲಿ.

ಮಾವಿನ ಬುಟ್ಟಿಗೆ ಮರಳೋಣ. ಹಣ್ಣನ್ನು ಬುಟ್ಟಿಯಲ್ಲಿ ಜೋಡಿಸಿಟ್ಟದ್ದು ಕಾನೂನಿನ ದೃಷ್ಟಿಯಲ್ಲಿ ಪ್ರಸ್ತಾವವಲ್ಲ. ಬಂದು ವಿಚಾರಿಸಿರೆಂಬ ಆಹ್ವಾನ ಮಾತ್ರ. "ನಾನೂರು" ಎಂಬುದು ಆಕೆಯ ಪ್ರಸ್ತಾವ. "ಮುನ್ನೂರಕ್ಕೆ ಕೊಡಿ" ಎಂದಾಗ ಆ ಪ್ರಸ್ತಾವ ಬಿದ್ದುಹೋಗಿ ಹೊಸತೊಂದು ಹುಟ್ಟಿತು. ಸ್ವೀಕಾರವು ಯಾವ ಷರತ್ತೂ ಇಲ್ಲದೆ ಪೂರ್ಣವಾಗಿರಬೇಕೆಂದು ಕರಾರು ಕಾಯ್ದೆಯ 7ನೆಯ ಕಲಂ ಹೇಳುತ್ತದೆ. "ಮುನ್ನೂರೈವತ್ತು" ಎಂಬುದು ಮೂರನೆಯ ಪ್ರಸ್ತಾವ. "ಆಯಿತು, ಕಟ್ಟಿ" ಎಂಬ ಮಾತು ಅದರ ಸ್ವೀಕಾರ. ಕರಾರು ಅಲ್ಲಿಗೆ ಪೂರ್ಣವಾಯಿತು. ಮಾತೇ ಆಡದೆ ಹಣ ಕೊಟ್ಟು ಸರಕು ಪಡೆಯುವ ರೂಢಿಯೂ ಇದೆ. ಫಿಕ್‌ಹ್‌ನಲ್ಲಿ ಅದಕ್ಕೆ ಮುಆತಾತ್ ಎನ್ನುತ್ತಾರೆ. ಹನಫೀ, ಮಾಲಿಕೀ ಮತ್ತು ಹಂಬಲೀ ವಿದ್ವಾಂಸರು ಅದನ್ನು ಒಪ್ಪಿದ್ದಾರೆ. ಶಾಫಿಈ ಮದ್‌ಹಬ್‌ನ ಮೂಲ ನಿಲುವು ಬಾಯಿಮಾತನ್ನು ಬಯಸಿದರೂ ಇಮಾಮ್ ನವವಿ(ರ)ಯವರು ಜನರ ರೂಢಿಯನ್ನು ಪರಿಗಣಿಸಿ ಇದನ್ನು ಸಿಂಧುವೆಂದು ಆಯ್ದುಕೊಂಡರು.

ಒಂದು ಕುದುರೆಯ ಕಥೆ

ಮಾತು ಕುದುರಿದ ಮೇಲೆ ಹೆಚ್ಚಿನ ಬೆಲೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲೇ ಒಂದು ನಿದರ್ಶನವಿದೆ. ಅಬೂದಾವೂದ್ ಮತ್ತು ನಸಾಈ ಗ್ರಂಥಗಳಲ್ಲಿ ಅದು ವರದಿಯಾಗಿದೆ. ಪ್ರವಾದಿ(ಸ)ರು ಗ್ರಾಮೀಣ ಅರಬನೊಬ್ಬನಿಂದ ಕುದುರೆಯೊಂದನ್ನು ಕೊಂಡರು. ಹಣ ಕೊಡುವುದಕ್ಕಾಗಿ ಅವನನ್ನು ಹಿಂಬಾಲಿಸಿ ಬರಲು ಹೇಳಿ ಬೇಗಬೇಗನೆ ನಡೆದರು. ಅವನು ಹಿಂದೆ ಉಳಿದ. ವ್ಯಾಪಾರ ಮುಗಿದಿರುವುದನ್ನು ಅರಿಯದ ದಾರಿಹೋಕರು ಅವನನ್ನು ತಡೆದು ಕುದುರೆಗೆ ಬೆಲೆ ಕಟ್ಟತೊಡಗಿದರು. ಅವನಿಗೆ ಆಸೆ ಹುಟ್ಟಿತು. ಕೊಳ್ಳುವುದಾದರೆ ಕೊಳ್ಳಿ, ಇಲ್ಲವಾದರೆ ಬೇರೆಯವರಿಗೆ ಮಾರುತ್ತೇನೆ ಎಂದು ಪ್ರವಾದಿಯವರನ್ನು(ಸ) ಕೂಗಿ ಕರೆದ. ನಿನ್ನಿಂದ ನಾನು ಆಗಲೇ ಕೊಂಡಿಲ್ಲವೇ ಎಂದು ಪ್ರವಾದಿ(ಸ)ರು ಕೇಳಿದರು. ಅವನು ಅಲ್ಲಾಹನ ಹೆಸರಿನಲ್ಲಿ ಆಣೆ ಮಾಡಿ ಇಲ್ಲವೆಂದ. ಸಾಕ್ಷಿ ತರುವಂತೆ ಸವಾಲೆಸೆದ.

ಆಗ ಮುಂದೆ ಬಂದವರು ಖುಝೈಮಾ ಬಿನ್ ಸಾಬಿತ್(ರ). ನೀನು ಮಾರಿದ್ದೀಯೆಂದು ನಾನು ಸಾಕ್ಷಿ ನುಡಿಯುತ್ತೇನೆ ಎಂದರು. ಯಾವ ಆಧಾರದಲ್ಲಿ ಸಾಕ್ಷಿ ಹೇಳುತ್ತೀರಿ ಎಂದು ಪ್ರವಾದಿ(ಸ)ರು ವಿಚಾರಿಸಿದಾಗ, ತಮ್ಮನ್ನು ಸತ್ಯವಂತರೆಂದು ನಂಬಿರುವುದೇ ಆಧಾರವೆಂದು ಉತ್ತರಿಸಿದರು. ಪ್ರವಾದಿ(ಸ)ರು ಅವರ ಒಂದು ಸಾಕ್ಷ್ಯವನ್ನು ಇಬ್ಬರ ಸಾಕ್ಷ್ಯಕ್ಕೆ ಸಮಾನವೆಂದು ಪರಿಗಣಿಸಿದರು.

ಖುಝೈಮಾ(ರ)ರ ಈಮಾನಿನ ಮಹಿಮೆಯನ್ನು ಹೇಳಲು ಈ ಘಟನೆಯನ್ನು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ಆದರೆ ಇದರಲ್ಲಿ ವ್ಯಾಪಾರದ ಪಾಠವೂ ಇದೆ. ಆ ಗ್ರಾಮೀಣ ಅರಬನು ಕಳ್ಳನಾಗಿರಲಿಲ್ಲ, ಕುದುರೆ ಅವನದೇ ಆಗಿತ್ತು. ಹೆಚ್ಚಿನ ಬೆಲೆ ಕಿವಿಗೆ ಬಿದ್ದಾಗ ಕೊಟ್ಟ ಮಾತು ಅವನ ನೆನಪಿನಿಂದ ಜಾರಿತು, ಅಷ್ಟೇ. ಆ ಒಂದು ಜಾರುವಿಕೆ ಸುಳ್ಳಿನವರೆಗೆ, ಸುಳ್ಳಾಣೆಯವರೆಗೆ ಅವನನ್ನು ಕೊಂಡೊಯ್ದಿತು. ನಮ್ಮ ಪೇಟೆಗಳಲ್ಲಿಯೂ ಮಾತು ಮುರಿಯುವವರು ಬಹುತೇಕ ಇದೇ ದಾರಿಯಲ್ಲಿ ಸಾಗುತ್ತಾರೆ. ಮೊದಲು ಆಸೆ, ಆಮೇಲೆ "ನಾನು ಹಾಗೆ ಹೇಳೇ ಇಲ್ಲ" ಎಂಬ ಮಾತು, ಕೊನೆಗೆ ಅಲ್ಲಾಹನ ಆಣೆ.

ಹಿಂತೆಗೆಯುವ ಹಕ್ಕು ಎಲ್ಲಿಯವರೆಗೆ?

ಸ್ವೀಕಾರಕ್ಕೆ ಮೊದಲು ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬಹುದು. ಈ ವಿಷಯದಲ್ಲಿ ಕರಾರು ಕಾಯ್ದೆಯ 5ನೆಯ ಕಲಮಿಗೂ ಬಹುಸಂಖ್ಯಾತ ಫುಕಹಾಗಳ ಅಭಿಪ್ರಾಯಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಆರಂಭವಾಗುವುದು ಸ್ವೀಕಾರದ ನಂತರ.

ಮಾರುವವನಿಗೂ ಕೊಳ್ಳುವವನಿಗೂ ಅವರು ಪರಸ್ಪರ ಅಗಲುವ ತನಕ ಆಯ್ಕೆಯ ಹಕ್ಕಿದೆಯೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಈ ಹದೀಸ್ ಇದೆ. ಶಾಫಿಈ ಮತ್ತು ಹಂಬಲೀ ವಿದ್ವಾಂಸರು ಅಗಲುವಿಕೆಯನ್ನು ದೇಹದ ಅಗಲುವಿಕೆಯೆಂದು ಅರ್ಥೈಸಿದರು. ಅದರಂತೆ ಮಾತು ಮುಗಿದ ಮೇಲೂ ಆ ಜಾಗದಿಂದ ಕದಲುವ ತನಕ ಇಬ್ಬರಲ್ಲಿ ಯಾರೂ ಹಿಂದೆ ಸರಿಯಬಹುದು. ಇದನ್ನು ಖಿಯಾರುಲ್ ಮಜ್ಲಿಸ್ ಎನ್ನುತ್ತಾರೆ. ಹನಫೀ ಮತ್ತು ಮಾಲಿಕೀ ವಿದ್ವಾಂಸರ ಪ್ರಕಾರ ಮಾತು ಮುಗಿದೊಡನೆ ಕರಾರು ಬದ್ಧವಾಗುತ್ತದೆ. ಆ ಹದೀಸಿನ ಅಗಲುವಿಕೆಯನ್ನು ಹನಫೀಗಳು ಮಾತಿನ ಅಗಲುವಿಕೆಯೆಂದು ಅರ್ಥೈಸಿದರು. ದೇಶದ ಕಾನೂನು ಈ ಎರಡನೆಯ ಅಭಿಪ್ರಾಯಕ್ಕೆ ಹತ್ತಿರವಾಗಿದೆ.

ನಮ್ಮ ಜಿಲ್ಲೆಯಲ್ಲಿ ಇದು ಬರೇ ಪುಸ್ತಕದ ಚರ್ಚೆಯಲ್ಲ. ಭಟ್ಕಳದ ನವಾಯತರು ಶಾಫಿಈ ಮದ್‌ಹಬ್‌ನವರು. ಹನಫೀ ಮದ್‌ಹಬನ್ನು ಅನುಸರಿಸುವವರೂ ಇಲ್ಲಿನ ಊರುಗಳಲ್ಲಿದ್ದಾರೆ. ಕಾರವಾರದ ಭಾನುವಾರದ ಸಂತೆಯಲ್ಲಿ ಇಬ್ಬರೂ ಎದುರುಬದುರಾಗಬಹುದು. ಒಬ್ಬನಿಗೆ ಮುಗಿದ ವ್ಯಾಪಾರ ಇನ್ನೊಬ್ಬನಿಗೆ ಇನ್ನೂ ತೆರೆದಿರುತ್ತದೆ. ಆದುದರಿಂದ ಹಿಂದೆ ಸರಿದವನನ್ನು ತಕ್ಷಣ ಮೋಸಗಾರನೆಂದು ಕರೆಯುವ ಮೊದಲು ಸ್ವಲ್ಪ ತಾಳ್ಮೆ ಇರಲಿ.

ಈ ಹದೀಸನ್ನು ವರದಿ ಮಾಡಿದ ಇಬ್ನು ಉಮರ್(ರ)ರು ತಮಗೆ ಮೆಚ್ಚುಗೆಯಾದ ವಸ್ತುವನ್ನು ಕೊಂಡರೆ ವ್ಯಾಪಾರ ಬದ್ಧವಾಗಲೆಂದು ಎದ್ದು ಕೆಲವು ಹೆಜ್ಜೆ ನಡೆಯುತ್ತಿದ್ದರೆಂದು ವರದಿಯಿದೆ. ಇನ್ನೊಂದೆಡೆ, ಎದುರಿನವನು ರದ್ದುಪಡಿಸಲು ಕೇಳಿಬಿಡಬಹುದೆಂಬ ಭಯದಿಂದ ಅವನನ್ನು ಬಿಟ್ಟು ಹೋಗುವುದು ಸರಿಯಲ್ಲವೆಂಬ ಹದೀಸ್ ತಿರ್ಮಿದಿ ಮತ್ತು ಅಬೂದಾವೂದ್ ಗ್ರಂಥಗಳಲ್ಲಿದೆ. ವಿದ್ವಾಂಸರು ಇವೆರಡನ್ನೂ ಹೊಂದಿಸಿ ವಿವರಿಸಿದ್ದಾರೆ. ನಮಗೆ ಸಿಗುವ ಪಾಠವಿಷ್ಟು: ಎದುರಿನವನಿಗೆ ಯೋಚಿಸಲು ಅವಕಾಶ ಕೊಡದೆ ಹಣ ಕೈಗೆ ಬಂದೊಡನೆ ಜಾಗ ಖಾಲಿ ಮಾಡುವುದು ವ್ಯಾಪಾರದ ಜಾಣ್ಮೆಯಲ್ಲ.

ಮಾವಿನ ಬುಟ್ಟಿಯ ಬಳಿ ನಾವು ಗಮನಿಸದೆ ಬಿಟ್ಟ ಇನ್ನೊಬ್ಬರಿದ್ದಾರೆ. ಎರಡನೆಯ ಕಾರಿನಲ್ಲಿ ಬಂದವರು. ತನ್ನ ಸಹೋದರನ ವ್ಯಾಪಾರದ ಮೇಲೆ ವ್ಯಾಪಾರ ಮಾಡುವುದನ್ನು ಪ್ರವಾದಿ(ಸ)ರು ವಿರೋಧಿಸಿದ್ದಾರೆ. ಈ ನಿಷೇಧವು ಹಿಂದೆ ಸರಿಯುವ ಹಕ್ಕು ಇನ್ನೂ ಉಳಿದಿರುವ ಹೊತ್ತಿಗೇ ಸಂಬಂಧಿಸಿದ್ದೆಂದು ಶಾಫಿಈ ವಿದ್ವಾಂಸರು ವಿವರಿಸುತ್ತಾರೆ. ಏಕೆಂದರೆ ಪ್ರಲೋಭನೆಗೆ ಜಾಗವಿರುವುದು ಆಗಲೇ. ಹಣ್ಣು ಇನ್ನೊಬ್ಬರ ಚೀಲಕ್ಕೆ ಬೀಳುತ್ತಿರುವುದನ್ನು ಕಂಡೂ ಹೆಚ್ಚು ಹಣ ತೋರಿಸಿದವರೇ ಇಲ್ಲಿ ಮೊದಲ ತಪ್ಪಿತಸ್ಥರು. ಬಿಸಿಲಿನಲ್ಲಿ ಕುಳಿತ ಆ ಬಡ ಮಹಿಳೆಯಲ್ಲ.

ಬಂದರಿನಲ್ಲಿ, ಫೋನಿನಲ್ಲಿ

ಬೈತಖೋಲ ಬಂದರಿನಲ್ಲಿ ದೋಣಿಗಳು ದಡ ಸೇರಿದಾಗ ಮೀನಿನ ಹರಾಜು ನಡೆಯುತ್ತದೆ. ಹರಾಜಿನಲ್ಲಿ ಪ್ರತಿಯೊಂದು ಕೂಗೂ ಒಂದು ಪ್ರಸ್ತಾವ. 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮಿನ ಪ್ರಕಾರ ಸುತ್ತಿಗೆ ಬಿದ್ದಾಗ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಘೋಷಣೆಯಾದಾಗ ಮಾರಾಟ ಪೂರ್ಣಗೊಳ್ಳುತ್ತದೆ. ಅಲ್ಲಿಯವರೆಗೆ ಕೂಗಿದವನು ತನ್ನ ಕೂಗನ್ನು ಹಿಂತೆಗೆದುಕೊಳ್ಳಬಹುದು. ಹರಾಜಿಗೆ ಇಸ್ಲಾಮಿನಲ್ಲಿ ಅನುಮತಿಯಿದೆ. ಪ್ರವಾದಿ(ಸ)ರು ಒಂದು ಕಂಬಳಿ ಮತ್ತು ಒಂದು ಪಾತ್ರೆಯನ್ನು ಹೀಗೆಯೇ ಮಾರಿದ್ದರೆಂದು ಅನಸ್(ರ)ರಿಂದ ವರದಿಯಾಗಿದೆ. ಒಬ್ಬರು ಒಂದು ದಿರ್ಹಮ್ ಎಂದಾಗ, ಹೆಚ್ಚು ಕೊಡುವವರು ಯಾರೆಂದು ಅವರು ಕೇಳಿದರು. ಎರಡು ದಿರ್ಹಮ್ ಕೊಟ್ಟವರಿಗೆ ಅದು ಸೇರಿತು.

ಆದರೆ ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಲಿಕ್ಕಾಗಿಯೇ ಕೂಗುವ ನಜಶ್ ನಿಷಿದ್ಧ. ಮಾರುವವನು ಇಂತಹ ಸುಳ್ಳು ಕೂಗುಗಳನ್ನು ಹಾಕಿಸಿದರೆ ಕೊಂಡವನು ಮಾರಾಟವನ್ನು ರದ್ದುಪಡಿಸಬಹುದೆಂದು ಅದೇ 64ನೆಯ ಕಲಂ ಹೇಳುತ್ತದೆ. ಹದಿನಾಲ್ಕು ಶತಮಾನಗಳ ಹಿಂದಿನ ಪ್ರವಾದಿ ಬೋಧನೆಯೂ ಈ ಕಾಲದ ಕಾನೂನೂ ಇಲ್ಲಿ ಒಂದೇ ಮಾತನ್ನಾಡುತ್ತವೆ.

ಇಂದು ವ್ಯಾಪಾರ ಮಾತಿಗಿಂತ ಹೆಚ್ಚಾಗಿ ಫೋನಿನಲ್ಲಿ ಕುದುರುತ್ತದೆ. ಕಾರವಾರದಿಂದ ಮಡಗಾಂವಿಗೆ ಕರೆ ಮಾಡಿ ದರ ಹೇಳಿದಾಗ ಅತ್ತಲಿನವರು "ಸರಿ" ಎನ್ನುವ ಹೊತ್ತಿಗೆ ಕರೆ ಕಡಿದುಹೋಯಿತೆನ್ನಿ. ಕರಾರು ಆಯಿತೇ? ಅಹ್ಮದಾಬಾದ್ ಮತ್ತು ಖಾಮಗಾಂವ್‌ಗಳ ನಡುವೆ ಫೋನಿನಲ್ಲಿ ನಡೆದ ಹತ್ತಿಬೀಜದ ಹಿಂಡಿಯ ವ್ಯಾಪಾರವೊಂದರ ಕುರಿತು ಸುಪ್ರೀಂ ಕೋರ್ಟು 1965ರಲ್ಲಿ ತೀರ್ಪು ನೀಡಿತು. ಅದರಂತೆ ಫೋನಿನ ಕರಾರು ಸ್ವೀಕಾರದ ಮಾತು ಪ್ರಸ್ತಾವ ಮಾಡಿದವನ ಕಿವಿಗೆ ಬಿದ್ದಲ್ಲಿ ಆಗುತ್ತದೆ. "ಸರಿ" ಎಂಬುದು ಕೇಳಿಸದಿದ್ದರೆ ಕರಾರಿಲ್ಲ. ಜಿದ್ದಾದಲ್ಲಿ 1990ರಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ಫೋನಿನಲ್ಲಿ ಮಾತನಾಡುವ ಇಬ್ಬರನ್ನು ಎದುರೆದುರು ಕುಳಿತವರಂತೆ ಪರಿಗಣಿಸಿತು. ಅಷ್ಟೇ ಅಲ್ಲ, ಇಷ್ಟು ದಿನಗಳವರೆಗೆ ಈ ದರ ಎಂದು ಗಡುವು ಹೇಳಿದವನು ಆ ಗಡುವಿನೊಳಗೆ ಹಿಂದೆ ಸರಿಯುವಂತಿಲ್ಲವೆಂದು ನಿರ್ಧರಿಸಿತು. ಇಲ್ಲಿ ದೇಶದ ಕಾನೂನು ಸಡಿಲವಾಗಿದೆ. ಪ್ರತಿಫಲವಿಲ್ಲದೆ ಕೊಟ್ಟ ಗಡುವನ್ನು ಸ್ವೀಕಾರಕ್ಕೆ ಮೊದಲು ಮುರಿಯಲು ಅದು ಬಿಡುತ್ತದೆ. "ಶುಕ್ರವಾರದವರೆಗೆ ನಿಮಗೇ ಇಟ್ಟಿರುತ್ತೇನೆ" ಎಂದು ಹೇಳಿ ಬುಧವಾರ ಬೇರೆಯವರಿಗೆ ಮಾರಿದ ವ್ಯಾಪಾರಿಯನ್ನು ನ್ಯಾಯಾಲಯ ಶಿಕ್ಷಿಸದಿರಬಹುದು. ಆದರೆ ವಾಗ್ದಾನದ ಕುರಿತು ಪ್ರಶ್ನಿಸಲಾಗುವುದೆಂಬ ಎಚ್ಚರಿಕೆ ಅಲ್ ಇಸ್ರಾ ಅಧ್ಯಾಯದಲ್ಲಿದೆ. ಆ ಪ್ರಶ್ನೆಗೆ ಅವನು ಏನೆಂದು ಉತ್ತರಿಸುವನು?

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಓದಿ ಸುಮ್ಮನಿದ್ದವನು ಒಪ್ಪಿದನೆಂದು ತಿಳಿಯಬಾರದು. ಮೌನವು ಸಾಮಾನ್ಯವಾಗಿ ಸ್ವೀಕಾರವಲ್ಲ. ಹಾಗೆಂದು ಹೆಬ್ಬೆರಳಿನ ಚಿತ್ರ ಕಳುಹಿಸಿ ಆಮೇಲೆ "ನೋಡಿದೆ ಎಂದಷ್ಟೇ ಅರ್ಥ" ಎನ್ನುವುದೂ ಅಪಾಯಕಾರಿ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಅಗಸೆ ಬೆಳೆಯುವ ರೈತನೊಬ್ಬನು ಕರಾರಿನ ಚಿತ್ರಕ್ಕೆ ಇಂತಹ ಗುರುತನ್ನು ಕಳುಹಿಸಿ ಬೆಳೆ ಪೂರೈಸಲಿಲ್ಲ. ಅಲ್ಲಿನ ನ್ಯಾಯಾಲಯವು 2023ರಲ್ಲಿ ಅದನ್ನು ಸ್ವೀಕಾರವೆಂದೇ ಪರಿಗಣಿಸಿ 82,000ಕ್ಕೂ ಹೆಚ್ಚು ಡಾಲರ್ ಪರಿಹಾರಕ್ಕೆ ಆದೇಶಿಸಿತು.

ಮೌನವೇ ಒಪ್ಪಿಗೆಯಾಗುವ ಸಂದರ್ಭವೂ ಒಂದಿದೆ. ಈದ್‌ನ ಮುಂಚೆ "ಮನೆಯಲ್ಲಿ ತೋರಿಸಿ ತರುತ್ತೇನೆ" ಎಂದು ಅಂಗಡಿಯಿಂದ ಬಟ್ಟೆಗಳನ್ನು ಒಯ್ಯುವುದು ನಮ್ಮ ಕುಟುಂಬಗಳ ರೂಢಿ. ಹೇಳಿದ ಸಮಯ ಮೀರಿದರೂ, ಅಥವಾ ಸಮಯ ಹೇಳದಿದ್ದರೆ ಸಮಂಜಸವಾದ ಅವಧಿ ಕಳೆದರೂ, ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಅದನ್ನು ಕೊಂಡಂತೆಯೇ ಎಂದು ಸರಕು ಮಾರಾಟ ಕಾಯ್ದೆಯ 24ನೆಯ ಕಲಂ ಹೇಳುತ್ತದೆ. ಹಬ್ಬ ಮುಗಿದ ಎರಡು ವಾರಗಳ ಬಳಿಕ ಬಟ್ಟೆಯನ್ನು ಮರಳಿಸುವವರು ಇದನ್ನು ಗಮನಿಸಬೇಕು. ಆ ಅಂಗಡಿಯವನ ಮಾರಾಟದ ಕಾಲವೇ ಕಳೆದುಹೋಗಿರುತ್ತದೆ.

ಸಂಚಕಾರದ ಹಣ

ಮಾತು ಮುರಿಯದಿರಲೆಂದು ಮುಂಗಡ ಕೊಡುವ ಪದ್ಧತಿ ಹಳೆಯದು. ಕನ್ನಡದಲ್ಲಿ ಸಂಚಕಾರವೆಂದೂ ಉರ್ದುವಿನಲ್ಲಿ ಬಯಾನಾ ಎಂದೂ ಕರೆಯುತ್ತೇವೆ. ಅರಬಿ ಭಾಷೆಯಲ್ಲಿ ಅದು ಉರ್ಬೂನ್. ಕೊಳ್ಳುವವನು ಹಿಂದೆ ಸರಿದರೆ ಆ ಹಣ ಮಾರುವವನ ಪಾಲಾಗುವುದನ್ನು ಹನಫೀ, ಮಾಲಿಕೀ ಮತ್ತು ಶಾಫಿಈ ವಿದ್ವಾಂಸರು ಒಪ್ಪುವುದಿಲ್ಲ. ಏನೂ ಕೊಡದೆ ಇನ್ನೊಬ್ಬರ ಹಣವನ್ನು ಇಟ್ಟುಕೊಂಡಂತಾಗುತ್ತದೆ ಎಂಬುದು ಅವರ ವಾದ. ಹಂಬಲೀ ಮದ್‌ಹಬ್ ಇದನ್ನು ಅನುಮತಿಸುತ್ತದೆ. ಉಮರ್(ರ)ರ ಕಾಲದಲ್ಲಿ ಮಕ್ಕಾದಲ್ಲಿ ಬಂದೀಖಾನೆಗಾಗಿ ಸಫ್ವಾನ್ ಬಿನ್ ಉಮಯ್ಯಾ(ರ)ರ ಮನೆಯನ್ನು ಇಂತಹ ಷರತ್ತಿನ ಮೇಲೆ ಕೊಂಡ ವರದಿ ಅವರ ಆಧಾರ. ಫಿಕ್‌ಹ್ ಅಕಾಡೆಮಿಯು 1993ರಲ್ಲಿ ಕಾಯುವ ಅವಧಿ ನಿಗದಿಯಾಗಿದ್ದರೆ ಇದು ಸಮ್ಮತವೆಂದು ನಿರ್ಣಯಿಸಿತು. ದೇಶದ ಕಾನೂನು ಕೂಡಾ ಮಿತಿಯಿಲ್ಲದೆ ಹಣ ನುಂಗಲು ಬಿಡುವುದಿಲ್ಲ. ಕರಾರು ಕಾಯ್ದೆಯ 74ನೆಯ ಕಲಮಿನಂತೆ ಸಿಗುವುದು ಸಮಂಜಸವಾದ ಪರಿಹಾರ ಮಾತ್ರ.

ನನ್ನ ಅಭಿಪ್ರಾಯದಲ್ಲಿ ನಮ್ಮ ವ್ಯಾಪಾರಿಗಳಿಗೆ ಸುರಕ್ಷಿತವಾದ ದಾರಿ ಒಂದೇ. ಮುಂಗಡ ಪಡೆಯುವಾಗಲೇ ಎಷ್ಟು ದಿನ ಕಾಯುವೆವು, ಹಿಂದೆ ಸರಿದರೆ ಎಷ್ಟು ಕಡಿತವಾಗುವುದು ಎಂಬುದನ್ನು ಬರೆದುಕೊಡಲಿ. ಹಿಂದೆ ಸರಿದಾಗ ನಿಜವಾಗಿ ಆದ ನಷ್ಟವನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಮರಳಿಸಲಿ. ಬರೆದುಕೊಳ್ಳುವುದೆಂದರೆ ಅಪನಂಬಿಕೆಯಲ್ಲ. ಕುರ್‌ಆನಿನ ಅತಿ ದೀರ್ಘ ವಚನವಾದ ಅಲ್ ಬಕರಾದ 282ನೆಯ ವಚನವು ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸುತ್ತದೆ. ವ್ಯಾಪಾರಕ್ಕೆ ಸಾಕ್ಷಿಗಳನ್ನಿಟ್ಟುಕೊಳ್ಳಲು ಹೇಳುತ್ತದೆ. ಅಲ್ಲಾಹನೇ ಕಲಿಸಿದ ಶಿಸ್ತನ್ನು ಸಂಬಂಧ ಕೆಡುವುದೆಂಬ ಸಂಕೋಚದಿಂದ ಬಿಟ್ಟವರು ಕೊನೆಗೆ ಸಂಬಂಧವನ್ನೂ ಹಣವನ್ನೂ ಕಳಕೊಳ್ಳುತ್ತಾರೆ.

ಇಕಾಲ: ಬಿಟ್ಟುಕೊಡುವ ದೊಡ್ಡಸ್ತಿಕೆ

"ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ." ಈ ಫಲಕವನ್ನು ನಾವು ಎಷ್ಟು ಅಂಗಡಿಗಳಲ್ಲಿ ನೋಡಿಲ್ಲ? ನಮ್ಮವರ ಅಂಗಡಿಗಳಲ್ಲೂ ಕೆಲವೊಮ್ಮೆ ಗೋಡೆಯ ಮೇಲೆ ಕುರ್‌ಆನ್ ವಚನದ ಚೌಕಟ್ಟಿದ್ದರೆ, ಅದರ ಕೆಳಗೆ ಈ ಫಲಕ ಇರುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಸರಕು ದೋಷಪೂರಿತವಾಗಿದ್ದರೆ ಮರಳಿಸುವುದು ಗ್ರಾಹಕನ ಹಕ್ಕು. ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒದ್ದೆ ತಗಲಿತು. ಒದ್ದೆಯಾದುದನ್ನು ಜನರು ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರಶ್ನಿಸಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಬುಟ್ಟಿಯ ಮೇಲ್ಪದರದಲ್ಲಿ ತಾಜಾ ಮೀನು, ಕೆಳಗೆ ಹಳತು ಇಟ್ಟವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆ ಫಲಕವು ಇಂತಹ ಸಂದರ್ಭದಲ್ಲಿ ಯಾರನ್ನೂ ರಕ್ಷಿಸುವುದಿಲ್ಲ.

ಸರಕಿನಲ್ಲಿ ದೋಷವಿಲ್ಲ, ಆದರೆ ಕೊಂಡವನಿಗೆ ಪಶ್ಚಾತ್ತಾಪವಾಗಿದೆ. ದುಡ್ಡು ಸಾಲದು, ಅಳತೆ ಸರಿಹೊಂದಿಲ್ಲ, ಮನೆಯವರಿಗೆ ಹಿಡಿಸಲಿಲ್ಲ. ಆಗ ಕಾನೂನು ಸುಮ್ಮನಿರುತ್ತದೆ, ಫಿಕ್‌ಹ್ ಕೂಡಾ ಒತ್ತಾಯಿಸುವುದಿಲ್ಲ. ಹಿಂಪಡೆಯಲು ನಿರಾಕರಿಸುವುದಕ್ಕೆ ವ್ಯಾಪಾರಿಗೆ ಸಂಪೂರ್ಣ ಹಕ್ಕಿದೆ. ಪ್ರವಾದಿ(ಸ)ರು ಮಾತನಾಡುವುದು ಈ ಹಕ್ಕಿನ ಬಾಗಿಲಲ್ಲಿ ನಿಂತು. ವ್ಯಾಪಾರವನ್ನು ರದ್ದುಪಡಿಸಲು ಕೋರಿದವನ ಕೋರಿಕೆಯನ್ನು ಒಪ್ಪಿದವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಶುಭವಾರ್ತೆಯನ್ನು ಅವರು ನೀಡಿದ್ದಾರೆ. ಅಬೂದಾವೂದ್ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಇದನ್ನು ಇಕಾಲ ಎನ್ನುತ್ತಾರೆ. ಪಡೆದ ಬೆಲೆಯನ್ನು ಹಾಗೆಯೇ ಮರಳಿಸಿ ಸರಕನ್ನು ಹಿಂದಕ್ಕೆ ಪಡೆಯುವುದು.

ಈ ಪ್ರತಿಫಲದ ಸ್ವರೂಪವನ್ನು ಗಮನಿಸಿ. ಅವನು ಒಬ್ಬ ಮನುಷ್ಯನ ಒಂದು ಎಡವಟ್ಟನ್ನು ಕ್ಷಮಿಸಿದ. ಅಲ್ಲಾಹನು ಅವನ ಎಡವಟ್ಟುಗಳನ್ನು ಕ್ಷಮಿಸುವನು. ಪರಲೋಕದಲ್ಲಿ ನಾವೆಲ್ಲರೂ ಮಾಡಿದ್ದನ್ನು ಹಿಂತೆಗೆದುಕೊಳ್ಳಲು ಬಯಸುವವರೇ ಆಗಿರುತ್ತೇವೆ. ಅಂದು ನಮ್ಮ ಎದುರು ಅಂತಹ ಫಲಕವೊಂದು ತೂಗಿದ್ದರೆ ನಮ್ಮ ಗತಿಯೇನು?

ಮಾವಿನ ಮರಗಳ ಫಸಲನ್ನು ಗುತ್ತಿಗೆಗೆ ಕೊಡುವವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಹಣ್ಣು ಬಲಿತ ಲಕ್ಷಣ ಕಾಣುವ ಮೊದಲು ಅದನ್ನು ಮಾರುವುದನ್ನು ಪ್ರವಾದಿ(ಸ)ರು ನಿಷೇಧಿಸಿದರು. ಅಲ್ಲಾಹನು ಫಲವನ್ನೇ ತಡೆಹಿಡಿದರೆ ಸಹೋದರನ ಹಣವನ್ನು ಯಾವುದಕ್ಕಾಗಿ ತೆಗೆದುಕೊಳ್ಳುವುದೆಂಬ ಪ್ರಶ್ನೆ ಆ ಹದೀಸಿನಲ್ಲಿದೆ. ಹೂ ಬಿಟ್ಟ ಕಾಲದಲ್ಲಿ ದರ ಕಟ್ಟಿ, ಅಕಾಲಿಕ ಮಳೆಗೆ ಫಸಲು ಉದುರಿದಾಗ "ಮಾತು ಮಾತೇ" ಎಂದು ಬಡ ಗುತ್ತಿಗೆದಾರನ ಕತ್ತು ಹಿಡಿಯುವುದು ಕೊಟ್ಟ ಮಾತಿನ ಗೌರವವಲ್ಲ. ಪ್ರಕೃತಿ ವಿಕೋಪದಿಂದ ನಷ್ಟವಾದ ಫಸಲಿನ ಬೆಲೆಯನ್ನು ಬಿಟ್ಟುಕೊಡಲು ಪ್ರವಾದಿ(ಸ)ರು ಆದೇಶಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ತನಗೆ ಬಿಗಿ, ಇತರರಿಗೆ ಸಡಿಲ

ಇಷ್ಟನ್ನೂ ಒಟ್ಟಾಗಿ ನೋಡಿದರೆ ಒಂದು ಅಳತೆಗೋಲು ಸಿಗುತ್ತದೆ. ಕಾನೂನು ಇಬ್ಬರಿಗೂ ಒಂದೇ ಗೆರೆ ಎಳೆಯುತ್ತದೆ. ಅದು ಎಳೆಯಲೇಬೇಕು. ಇಲ್ಲವಾದರೆ ಸಂತೆ ನಡೆಯದು. ಆದರೆ ಸತ್ಯವಿಶ್ವಾಸಿಯು ಆ ಗೆರೆಯ ಈಚೆಗೆ ತನಗಾಗಿ ಇನ್ನೊಂದು ಗೆರೆ ಎಳೆದುಕೊಳ್ಳುತ್ತಾನೆ. ಹಿಂದೆ ಸರಿಯಲು ತನಗೆ ಕಾನೂನು ಅವಕಾಶ ಕೊಟ್ಟಾಗಲೂ ಹೆಚ್ಚಿನ ಲಾಭದ ಆಸೆಗಾಗಿ ಮಾತು ಮುರಿಯುವುದಿಲ್ಲ. ಎದುರಿನವನು ತೊಂದರೆಯಿಂದ ಹಿಂದೆ ಸರಿಯಬಯಸಿದಾಗ ತನಗೆ ಹಕ್ಕಿದ್ದರೂ ಅವನನ್ನು ಹಿಡಿದಿಡುವುದಿಲ್ಲ. ನಮ್ಮಲ್ಲಿ ಅನೇಕರು ಇದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆ. ನಮ್ಮ ಮಾತಿಗೆ ಸಾವಿರ ವಿನಾಯಿತಿ, ಎದುರಿನವನ ಮಾತಿಗೆ ಒಂದೂ ಇಲ್ಲ.

ಹೀಗೆ ಮಾಡಿದರೆ ವ್ಯಾಪಾರ ಸಾಗದೆಂದು ಕೆಲವರು ವಾದಿಸಬಹುದು. ಎಲ್ಲರೂ ಸರಕು ಮರಳಿಸತೊಡಗಿದರೆ ಸಣ್ಣ ಅಂಗಡಿಯವನು ಬದುಕುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದಲೇ ಇಕಾಲವನ್ನು ಕಡ್ಡಾಯ ಮಾಡಲಾಗಿಲ್ಲ, ಪುಣ್ಯಕಾರ್ಯವೆಂದು ಪ್ರೋತ್ಸಾಹಿಸಲಾಗಿದೆ. ಆದುದರಿಂದಲೇ ಕೊಳ್ಳುವವನ ಮೇಲೂ ಜವಾಬ್ದಾರಿಯಿದೆ. ಇಕಾಲವು ಕೇಳುವವನ ಹಕ್ಕಲ್ಲ, ಕೊಡುವವನ ಔದಾರ್ಯ. ಪದೇ ಪದೇ ವ್ಯಾಪಾರದಲ್ಲಿ ಮೋಸಹೋಗುತ್ತಿದ್ದ ಸಹಾಬಿಯೊಬ್ಬರಿಗೆ ಪ್ರವಾದಿ(ಸ)ರು, ಮೋಸವಿರಬಾರದೆಂದು ಮುಂಚಿತವಾಗಿಯೇ ಹೇಳಿಬಿಡಲು ಕಲಿಸಿದರು. ಮೂರು ದಿನಗಳ ಆಯ್ಕೆಯ ಅವಕಾಶ ಕೊಟ್ಟರು. ಮನೆಯ ಹಿರಿಯರು ಏನಾದರೂ ಕೊಳ್ಳುವಾಗ "ಮೂರು ದಿನದೊಳಗೆ ಬೇಡವಾದರೆ ತಿರುಗಿ ತರುತ್ತೇವೆ" ಎಂದು ಮೊದಲೇ ಮಾತಾಡಿಕೊಂಡರೆ ಜಗಳಕ್ಕೆ ಕಾರಣವೇ ಉಳಿಯದು.

ಅಂಕೋಲೆಯ ಆ ಮಾವಿನ ಬುಟ್ಟಿಯ ಎದುರು ಕುಳಿತ ತಾಯಿ ನಮ್ಮ ಧರ್ಮದ ಗ್ರಂಥಗಳನ್ನು ಓದಿದವಳಲ್ಲ. ಅವಳ ಪಾಲಿಗೆ ಇಸ್ಲಾಮ್ ಎಂದರೆ ಅವಳೊಡನೆ ಚೌಕಾಸಿ ಮಾಡಿ "ಆಯಿತು, ಕಟ್ಟಿ" ಎಂದವನ ನಡತೆ. ಮನೆಯಲ್ಲಿ ಹಣ್ಣಿದೆಯೆಂದು ಫೋನು ಬಂದರೂ ಎಣಿಸಿದ ಹಣ್ಣಿಗೆ ಹಣ ಕೊಟ್ಟು ಒಯ್ಯಿರಿ, ನೆರೆಮನೆಗೆ ಕೊಟ್ಟರಾಯಿತು. ಅವಳೇ ಹೆಚ್ಚಿನ ಬೆಲೆಯ ಆಸೆಯಿಂದ "ಬೇಡ ಸಾಹೇಬರೇ, ಅವರಿಗೆ ಕೊಡುತ್ತೇನೆ" ಎಂದರೆ ನಗುತ್ತಾ ಬಿಟ್ಟುಕೊಡಿರಿ. ಆ ನೂರು ರೂಪಾಯಿ ಅವಳ ದಿನದ ದುಡಿಮೆಯಲ್ಲಿ ದೊಡ್ಡದು.

ಕರಾರುಗಳನ್ನು ಪೂರ್ತಿಗೊಳಿಸಬೇಕೆಂಬ ಆದೇಶದಿಂದಲೇ ಅಲ್ ಮಾಇದಾ ಅಧ್ಯಾಯವು ಆರಂಭವಾಗುತ್ತದೆ. ಆ ಆದೇಶವು ದೊಡ್ಡ ಒಪ್ಪಂದಗಳಿಗೆ ಎಷ್ಟು ಅನ್ವಯವೋ ಸಂತೆಯ ಒಂದು ಡಜನ್ ಹಣ್ಣಿಗೂ ಅಷ್ಟೇ ಅನ್ವಯ. ನಮ್ಮ ಮಾತನ್ನು ಪೂರೈಸುವ ಶಕ್ತಿಯನ್ನೂ ಇತರರ ಎಡವಟ್ಟುಗಳನ್ನು ಮನ್ನಿಸುವ ಮನಸ್ಸನ್ನೂ ಅಲ್ಲಾಹನು ನಮಗೆ ಕರುಣಿಸಲಿ. ನಮ್ಮ ವ್ಯಾಪಾರ ವಹಿವಾಟುಗಳಲ್ಲಿ ಬರಕತ್ ನೀಡಲಿ. ಆಮೀನ್.